ಶ್ರೀಲಂಕಾದ ಅಧ್ಯಕ್ಷ ಗದ್ದುಗೆ: ಒಳಗಿನ ರಾಜಕಾರಣ, ಹೊರಗಿನ ನಂಟು

ಶ್ರೀಲಂಕಾದ ಅಧ್ಯಕ್ಷರನ್ನು ಆರಿಸುವವರು ಸಂಸದರಲ್ಲ. ದೇಶದ ಮತದಾರರೆಲ್ಲ ಒಂದೇ ದಿನ ಮತಗಟ್ಟೆಗೆ ಹೋಗಿ ನೇರವಾಗಿ ಆರಿಸುತ್ತಾರೆ. ಹಾಗೆ ಗೆದ್ದು ಬಂದವರು ರಾಷ್ಟ್ರಕ್ಕೂ ಮುಖ್ಯಸ್ಥರು, ಸರ್ಕಾರಕ್ಕೂ ಮುಖ್ಯಸ್ಥರು, ಸೇನೆಗೂ ಮಹಾದಂಡನಾಯಕರು. ಸಂಪುಟ ಸಭೆಯ ಅಧ್ಯಕ್ಷತೆ ಅವರದು. ಪ್ರಧಾನಿಯನ್ನು ನೇಮಿಸುವುದು, ಹೊರದೇಶಗಳಿಗೆ ರಾಯಭಾರಿಗಳನ್ನು ಕಳುಹಿಸುವುದು, ಯುದ್ಧ ಸಾರುವುದು, ಶಾಂತಿ ಘೋಷಿಸುವುದು ಎಲ್ಲವೂ ಅವರ ಅಧಿಕಾರದೊಳಗೆ ಬರುತ್ತವೆ. ಭಾರತದ ರಾಷ್ಟ್ರಪತಿ ಸಂಪುಟದ ಸಲಹೆಯಂತೆ ನಡೆದುಕೊಂಡರೆ, ಕೊಲಂಬೊದಲ್ಲಿ ಸಂಪುಟ ಅಧ್ಯಕ್ಷರ ಮರ್ಜಿ ನೋಡಿ ನಡೆಯುತ್ತದೆ.

ಇಷ್ಟು ಅಧಿಕಾರ ಒಬ್ಬರ ಕೈಗೆ ಹೋಗುವುದರಿಂದ ಅಧ್ಯಕ್ಷೀಯ ಚುನಾವಣೆ ಆ ದೇಶದ ರಾಜಕಾರಣವನ್ನು ಬುಡಸಮೇತ ಅಲುಗಾಡಿಸುತ್ತದೆ. ಪಕ್ಷಗಳು ಒಡೆಯುತ್ತವೆ, ಕೂಡುತ್ತವೆ, ಸಂಸತ್ತು ವಿಸರ್ಜನೆಯಾಗುತ್ತದೆ, ಸಂವಿಧಾನವೂ ತಿದ್ದುಪಡಿಯಾಗುತ್ತದೆ. ವಿದೇಶಾಂಗ ನೀತಿಯ ಮೇಲೂ ಅದರ ಪರಿಣಾಮ ಆಗುತ್ತದೆ, ಆದರೆ ಅಲ್ಲಿ ಬದಲಾವಣೆಗೆ ಒಂದು ಮಿತಿಯಿದೆ. ಪ್ರಚಾರದ ವೇದಿಕೆಯಲ್ಲಿ ಭಾರತವನ್ನೋ ಚೀನಾವನ್ನೋ ಬೈದು ಗೆದ್ದವರು ಗದ್ದುಗೆ ಏರಿದ ಮೇಲೆ ಸಾಲದ ಲೆಕ್ಕ ಮತ್ತು ಭೂಪಟ ಎರಡನ್ನೂ ನೋಡಬೇಕಾಗುತ್ತದೆ. 1982ರಿಂದ 2024ರವರೆಗೆ ನಡೆದ ಒಂಬತ್ತು ಚುನಾವಣೆಗಳ ಚರಿತ್ರೆಯಲ್ಲಿ ಈ ಎರಡೂ ಸಂಗತಿಗಳು ಮತ್ತೆ ಮತ್ತೆ ಕಾಣುತ್ತವೆ.

ಪದ್ಧತಿ ಬಂದ ಬಗೆ

1948ರಲ್ಲಿ ಸ್ವತಂತ್ರವಾದ ಸಿಲೋನ್ ಬ್ರಿಟಿಷ್ ಮಾದರಿಯ ಸಂಸದೀಯ ಪದ್ಧತಿಯನ್ನೇ ಇಟ್ಟುಕೊಂಡಿತ್ತು. 1972ರಲ್ಲಿ ಗಣರಾಜ್ಯವಾಗಿ ಶ್ರೀಲಂಕಾ ಎಂಬ ಹೆಸರು ಪಡೆದಾಗ ಅಧ್ಯಕ್ಷ ಹುದ್ದೆ ಬಂತಾದರೂ ಅದು ಅಲಂಕಾರಕ್ಕಷ್ಟೇ ಇತ್ತು. ನಿಜವಾದ ಅಧಿಕಾರ ಪ್ರಧಾನಿ ಸಿರಿಮಾವೊ ಬಂಡಾರನಾಯಕೆ ಅವರ ಬಳಿ ಇತ್ತು.

1977ರ ಚುನಾವಣೆ ಆ ವ್ಯವಸ್ಥೆಗೆ ಕೊನೆ ಹಾಡಿತು. ಜೆ. ಆರ್. ಜಯವರ್ಧನೆ ಅವರ ಯುನೈಟೆಡ್ ನ್ಯಾಷನಲ್ ಪಾರ್ಟಿ (ಯುಎನ್‌ಪಿ) 168 ಸ್ಥಾನಗಳ ಪೈಕಿ 140 ಗೆದ್ದಿತು. ಸಂಸತ್ತಿನ ದಿನದಿನದ ಗದ್ದಲಕ್ಕೆ ಸಿಕ್ಕದ, ಗಟ್ಟಿ ಆಡಳಿತ ನಡೆಸಬಲ್ಲ ಅಧ್ಯಕ್ಷರು ಇದ್ದರೆ ಮಾತ್ರ ಬಡ ದೇಶ ಮುಂದೆ ಬರುತ್ತದೆ ಎನ್ನುವುದು ಜಯವರ್ಧನೆ ಅವರ ಬಹುಕಾಲದ ನಂಬಿಕೆ. ಮೊದಲು ಹಳೆಯ ಸಂವಿಧಾನಕ್ಕೇ ತಿದ್ದುಪಡಿ ತಂದು 1978ರ ಫೆಬ್ರವರಿಯಲ್ಲಿ ಅವರು ಜನರ ಮತವಿಲ್ಲದೆಯೇ ಅಧ್ಯಕ್ಷರಾದರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಹೊಸ ಸಂವಿಧಾನ ಜಾರಿಯಾಯಿತು.

ಮೊದಲ ಅಧ್ಯಕ್ಷೀಯ ಚುನಾವಣೆ ನಡೆದದ್ದು 1982ರ ಅಕ್ಟೋಬರ್‌ನಲ್ಲಿ. ಮುಖ್ಯ ಎದುರಾಳಿಯಾಗಬೇಕಿದ್ದ ಸಿರಿಮಾವೊ ಅವರ ನಾಗರಿಕ ಹಕ್ಕುಗಳನ್ನು ಎರಡು ವರ್ಷ ಮೊದಲೇ ಕಿತ್ತುಕೊಳ್ಳಲಾಗಿತ್ತು; ಅವರು ಸ್ಪರ್ಧಿಸುವಂತಿರಲಿಲ್ಲ. ಅವರ ಪಕ್ಷದಿಂದ ಹೆಕ್ಟರ್ ಕೊಬ್ಬೆಕಡುವ ನಿಂತರು. ಜಯವರ್ಧನೆ ಶೇ 52.91 ಮತ ಪಡೆದು ಗೆದ್ದರು. ಗೆಲುವಿನ ಬಿಸಿ ಆರುವ ಮೊದಲೇ ಅವರು ಇನ್ನೊಂದು ದಾಳ ಉರುಳಿಸಿದರು. ಸಂಸತ್ ಚುನಾವಣೆಯನ್ನೇ ಕೈಬಿಟ್ಟು, ಇದ್ದ ಸಂಸತ್ತಿನ ಅವಧಿಯನ್ನು ಆರು ವರ್ಷ ಮುಂದುವರಿಸಬೇಕೇ ಎಂದು ಡಿಸೆಂಬರ್‌ನಲ್ಲಿ ಜನಮತ ಕೇಳಿದರು. ಮುಂದುವರಿಯಲಿ ಎನ್ನುವವರಿಗೆ ದೀಪದ ಗುರುತು, ಬೇಡ ಎನ್ನುವವರಿಗೆ ಮಡಕೆಯ ಗುರುತು. ದೀಪಕ್ಕೆ ಶೇ 54.66 ಮತ ಬಿತ್ತು. ತಮ್ಮ ಪಕ್ಷದ ಸಂಸದರಿಂದ ದಿನಾಂಕ ಬರೆಯದ ರಾಜೀನಾಮೆ ಪತ್ರಗಳನ್ನೂ ಅವರು ಮೊದಲೇ ಬರೆಸಿಟ್ಟುಕೊಂಡಿದ್ದರು. ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ಸ್ಥಾನಗಳಿದ್ದ 1977ರ ಸಂಸತ್ತು ಹೀಗೆ 1988ರ ಡಿಸೆಂಬರ್‌ವರೆಗೆ ಉಳಿಯಿತು. ಅಧ್ಯಕ್ಷ ಗದ್ದುಗೆಯ ಬಲ ಎಷ್ಟೆಂಬುದು ಅದನ್ನು ಕಟ್ಟಿದವರ ಕಾಲದಲ್ಲೇ ಎಲ್ಲರಿಗೂ ತಿಳಿದುಹೋಯಿತು.

ಅರ್ಧಕ್ಕಿಂತ ಹೆಚ್ಚು ಎಂಬ ಲೆಕ್ಕ

ಗೆಲ್ಲಲು ಅತಿ ಹೆಚ್ಚು ಮತ ಪಡೆದರೆ ಸಾಲದು. ಸಿಂಧುವಾದ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಬೇಕು. ಮತದಾರರು ತಮ್ಮ ಮೊದಲ ಆಯ್ಕೆಯ ಹೆಸರಿನ ಎದುರು 1 ಎಂದು ಬರೆದು, ಇಷ್ಟವಿದ್ದರೆ ಇನ್ನಿಬ್ಬರ ಎದುರು 2, 3 ಎಂದು ಬರೆಯಬಹುದು. ಯಾರಿಗೂ ಅರ್ಧ ದಾಟದಿದ್ದರೆ ಮೊದಲ ಇಬ್ಬರನ್ನು ಉಳಿಸಿಕೊಂಡು ಮಿಕ್ಕವರನ್ನು ಕೈಬಿಡುತ್ತಾರೆ. ಕೈಬಿಟ್ಟವರಿಗೆ ಮತ ಹಾಕಿದ್ದವರ ಎರಡನೇ, ಮೂರನೇ ಆಯ್ಕೆಗಳನ್ನು ನೋಡಿ ಆ ಮತಗಳನ್ನು ಉಳಿದ ಇಬ್ಬರಿಗೆ ಹಂಚುತ್ತಾರೆ.

ಮೊದಲ ಎಂಟು ಚುನಾವಣೆಗಳಲ್ಲಿ ಈ ಎರಡನೇ ಸುತ್ತಿನ ಎಣಿಕೆ ಬೇಕಾಗಲೇ ಇಲ್ಲ. ಅದು ಬೇಕಾದದ್ದು 2024ರ ಸೆಪ್ಟೆಂಬರ್ 21ರ ಚುನಾವಣೆಯಲ್ಲಿ. ಕಣದಲ್ಲಿ 38 ಮಂದಿ ಇದ್ದರು. ಮತಪತ್ರ ಎರಡು ಅಡಿಗಿಂತ ಉದ್ದವಾಗಿತ್ತು. ಅನುರ ಕುಮಾರ ದಿಸ್ಸನಾಯಕೆ ಶೇ 42.31, ಸಜಿತ್ ಪ್ರೇಮದಾಸ ಶೇ 32.76, ಅಧಿಕಾರದಲ್ಲಿದ್ದ ರನಿಲ್ ವಿಕ್ರಮಸಿಂಘೆ ಶೇ 17.27 ಮತ ಪಡೆದರು. ಹೊರಬಿದ್ದ ಅಭ್ಯರ್ಥಿಗಳ ಪಾಲಿಗೆ ಬಂದಿದ್ದ ಮತಗಳು ಸುಮಾರು 33 ಲಕ್ಷ. ಆದರೆ ಅವುಗಳಲ್ಲಿ ಮೊದಲಿಬ್ಬರ ಪೈಕಿ ಯಾರಿಗಾದರೂ ಮುಂದಿನ ಆಯ್ಕೆ ನೀಡಿದ್ದ ಮತಪತ್ರಗಳು ಮೂರು ಲಕ್ಷವೂ ಇರಲಿಲ್ಲ. ಅವುಗಳಲ್ಲಿ ಹೆಚ್ಚು ಪಾಲು, ಅಂದರೆ 1,67,867 ಮತಗಳು, ಸಜಿತ್ ಅವರಿಗೇ ಸಿಕ್ಕವು. ಅನುರ ಅವರಿಗೆ ಸಿಕ್ಕದ್ದು 1,05,264. ಮೊದಲ ಎಣಿಕೆಯ ಅಂತರ ದೊಡ್ಡದಿದ್ದುದರಿಂದ ಫಲಿತಾಂಶ ಬದಲಾಗಲಿಲ್ಲ. ಮುಂದಿನ ಆಯ್ಕೆಯ ಅವಕಾಶ ನಾಲ್ಕು ದಶಕದಿಂದ ಕಾನೂನಿನಲ್ಲಿ ಇದ್ದರೂ ಬಹುಪಾಲು ಮತದಾರರು ಒಂದೇ ಗುರುತು ಹಾಕಿ ಮತಪತ್ರ ಮಡಚುತ್ತಾರೆ ಎಂಬುದು ಅಂದು ಬಯಲಾಯಿತು.

ಈ ಅರ್ಧದ ಗೆರೆ ಪಕ್ಷಗಳ ನಡೆಯನ್ನು ರೂಪಿಸಿದೆ. ಒಂಟಿ ಪಕ್ಷದ ಬಲದಿಂದ ಅದನ್ನು ದಾಟುವುದು ಕಷ್ಟವಾದ್ದರಿಂದ ಚುನಾವಣೆಗೆ ಮೊದಲೇ ಮೈತ್ರಿಕೂಟಗಳು ಹುಟ್ಟಿಕೊಳ್ಳುತ್ತವೆ. 2010ರಲ್ಲಿ ತಮಿಳು ಪ್ರತ್ಯೇಕತಾವಾದಿಗಳ ವಿರುದ್ಧದ ಯುದ್ಧ ಗೆದ್ದ ಸೇನಾ ಮುಖ್ಯಸ್ಥ ಶರತ್ ಫೊನ್ಸೇಕ ಅವರನ್ನೂ, 2015ರಲ್ಲಿ ಆಳುವ ಪಕ್ಷದಿಂದಲೇ ಹೊರಬಂದ ಮೈತ್ರಿಪಾಲ ಸಿರಿಸೇನ ಅವರನ್ನೂ ವಿರೋಧ ಪಕ್ಷಗಳು ಒಟ್ಟಾಗಿ ನಿಲ್ಲಿಸಿದವು. ಒಂದೇ ಗುರಿಗೆ ಕೂಡಿದ ಇಂಥ ಕೂಟಗಳು ಗೆದ್ದ ಮೇಲೆ ಒಟ್ಟಿಗೆ ಉಳಿಯುವುದು ಕಷ್ಟ. ಸಿರಿಸೇನ ಅವರ ಆಳ್ವಿಕೆ ಅದಕ್ಕೆ ಸಾಕ್ಷಿ.

ಉತ್ತರ ಮತ್ತು ಪೂರ್ವದ ಮತ

ದೇಶದ ಜನಸಂಖ್ಯೆಯಲ್ಲಿ ಮುಕ್ಕಾಲು ಪಾಲು ಸಿಂಹಳೀಯರು. ಉಳಿದವರು ಉತ್ತರ ಮತ್ತು ಪೂರ್ವದ ತಮಿಳರು, ಮುಸ್ಲಿಮರು, ಚಹಾ ತೋಟಗಳಲ್ಲಿ ದುಡಿಯುವ ಮಲೆನಾಡಿನ ತಮಿಳರು. ಇಡೀ ದೇಶವೇ ಒಂದು ಕ್ಷೇತ್ರವಾಗಿರುವ ಚುನಾವಣೆಯಲ್ಲಿ ಸಿಂಹಳ ಮತ ಇಬ್ಭಾಗವಾದರೆ ಅಲ್ಪಸಂಖ್ಯಾತರ ಮತವೇ ಗೆಲುವನ್ನು ತೀರ್ಮಾನಿಸುತ್ತದೆ; ಸಿಂಹಳ ಮತ ಒಂದೇ ಕಡೆ ಹರಿದರೆ ಅವರ ಮತಕ್ಕೆ ತೂಕ ಇರುವುದಿಲ್ಲ.

2005ರ ನವೆಂಬರ್‌ನಲ್ಲಿ ಮಹಿಂದ ರಾಜಪಕ್ಸ ಶೇ 50.29 ಮತದಿಂದ, ಸುಮಾರು 1.8 ಲಕ್ಷದ ಅಂತರದಲ್ಲಿ, ರನಿಲ್ ಅವರನ್ನು ಸೋಲಿಸಿದರು. ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದಿದ್ದ ತಮಿಳು ಹುಲಿಗಳ ಪ್ರಭಾವ ಹೆಚ್ಚಿದ್ದ ಉತ್ತರದಲ್ಲಿ ಅಂದು ಬಹಿಷ್ಕಾರದ ಕರೆ ಇತ್ತು. ಜಾಫ್ನಾ ಜಿಲ್ಲೆಯಲ್ಲಿ ನೂರಕ್ಕೆ ಇಬ್ಬರೂ ಮತ ಹಾಕಲಿಲ್ಲ. ಕದನ ವಿರಾಮಕ್ಕೆ ಸಹಿ ಹಾಕಿದ್ದ ರನಿಲ್ ಅವರಿಗೆ ಆ ಮತಗಳು ಬಿದ್ದಿದ್ದರೆ ಫಲಿತಾಂಶ ಬೇರೆಯಾಗಬಹುದಿತ್ತು. ಹುಲಿಗಳೇ ಪರೋಕ್ಷವಾಗಿ ಗೆಲುವಿಗೆ ದಾರಿ ಮಾಡಿಕೊಟ್ಟ ಅಧ್ಯಕ್ಷರ ಕೈಯಲ್ಲೇ 2009ರ ಮೇ ತಿಂಗಳಲ್ಲಿ ಅವರ ಸರ್ವನಾಶವಾಯಿತು.

2015ರಲ್ಲಿ ಇದರ ಮತ್ತೊಂದು ಮುಖ ಕಂಡಿತು. ಉತ್ತರ, ಪೂರ್ವದ ತಮಿಳರೂ ಮುಸ್ಲಿಮರೂ ಭಾರಿ ಸಂಖ್ಯೆಯಲ್ಲಿ ಸಿರಿಸೇನ ಅವರ ಬೆನ್ನಿಗೆ ನಿಂತರು. ಸುಮಾರು ನಾಲ್ಕೂವರೆ ಲಕ್ಷ ಮತಗಳ ಅವರ ಗೆಲುವಿನಲ್ಲಿ ಈ ಜಿಲ್ಲೆಗಳ ಪಾಲು ನಿರ್ಣಾಯಕವಾಗಿತ್ತು. 2019ರಲ್ಲಿ, ಈಸ್ಟರ್ ದಿನದ ಬಾಂಬ್ ದಾಳಿಗಳಾಗಿ ಏಳು ತಿಂಗಳು ತುಂಬುವ ಮೊದಲು ನಡೆದ ಚುನಾವಣೆಯಲ್ಲಿ, ಗೊಟಬಯ ರಾಜಪಕ್ಸ ದೇಶದ ಭದ್ರತೆಯ ಮಾತನ್ನೇ ಮುಂದಿಟ್ಟು ಸಿಂಹಳ ಬಹುಮತವನ್ನು ಒಗ್ಗೂಡಿಸಿದರು. ಉತ್ತರ ಮತ್ತು ಪೂರ್ವ ಪೂರ್ತಿ ಸಜಿತ್ ಪ್ರೇಮದಾಸ ಕಡೆ ವಾಲಿದ್ದರೂ ಗೊಟಬಯ ಶೇ 52.25 ಮತದಿಂದ ಗೆದ್ದರು.

ಗದ್ದುಗೆಯ ಹಿಂದೆ ಸಂಸತ್ತು

ಅಧ್ಯಕ್ಷೀಯ ಚುನಾವಣೆ, ಸಂಸತ್ ಚುನಾವಣೆ ಎರಡೂ ಬೇರೆ ಬೇರೆ ಸಮಯಕ್ಕೆ ನಡೆಯುತ್ತವೆ. ಯಾವುದು ಮೊದಲು ಎಂಬುದರ ಮೇಲೆ ಎಷ್ಟೋ ಸಂಗತಿಗಳು ನಿಂತಿವೆ. ಸಂಸತ್ತಿನ 225 ಸ್ಥಾನಗಳು ಮತಗಳ ಅನುಪಾತಕ್ಕೆ ತಕ್ಕಂತೆ ಹಂಚಿಕೆಯಾಗುತ್ತವೆ. ಒಂದೇ ಪಕ್ಷಕ್ಕೆ ದೊಡ್ಡ ಬಹುಮತ ಸಿಗುವುದು ಈ ಪದ್ಧತಿಯಲ್ಲಿ ಸುಲಭವಲ್ಲ. ಹೊಸ ಅಧ್ಯಕ್ಷರು ಗೆದ್ದ ಅಲೆ ಇಳಿಯುವ ಮೊದಲು ಸಂಸತ್ ಚುನಾವಣೆ ನಡೆಸಿದರೆ ಆ ಕಷ್ಟ ಕಡಿಮೆಯಾಗುತ್ತದೆ. ಸೋತ ಕಡೆಯವರು ಎದೆಗುಂದಿರುತ್ತಾರೆ, ಗೆದ್ದವರ ಕೈ ಬಲಪಡಿಸಿ ಎಂಬ ಮಾತಿಗೆ ಜನ ಕಿವಿಗೊಡುತ್ತಾರೆ. 2010ರ ಜನವರಿಯಲ್ಲಿ ಮಹಿಂದ ಗೆದ್ದರು. ಏಪ್ರಿಲ್‌ನಲ್ಲಿ ಅವರ ಕೂಟಕ್ಕೆ 144 ಸ್ಥಾನ ಬಂತು. 2019ರ ನವೆಂಬರ್‌ನಲ್ಲಿ ಗೊಟಬಯ ಗೆದ್ದರು. ಮರುವರ್ಷ ಆಗಸ್ಟ್‌ನಲ್ಲಿ ಪಕ್ಷಕ್ಕೆ 145. ಅನುರ ಅವರ ಮೈತ್ರಿಕೂಟ ನ್ಯಾಷನಲ್ ಪೀಪಲ್ಸ್ ಪವರ್‌ಗೆ (ಎನ್‌ಪಿಪಿ) ಹಳೆಯ ಸಂಸತ್ತಿನಲ್ಲಿ ಇದ್ದದ್ದು ಮೂರೇ ಸ್ಥಾನ. ಪ್ರಮಾಣವಚನ ಸ್ವೀಕರಿಸಿದ ಮರುದಿನವೇ ಅವರು ಸಂಸತ್ತನ್ನು ವಿಸರ್ಜಿಸಿದರು. 2024ರ ನವೆಂಬರ್ 14ರ ಚುನಾವಣೆಯಲ್ಲಿ ಆ ಮೂರು 159 ಆಯಿತು.

ಹೀಗೆ ಸಿಗುವ ಬಹುಮತ ಸಂವಿಧಾನದ ತಿದ್ದುಪಡಿಗೂ ದಾರಿಯಾಗುತ್ತದೆ. ಒಬ್ಬರು ಎರಡೇ ಅವಧಿ ಆಳಬೇಕೆಂಬ ಮಿತಿಯನ್ನು ಮಹಿಂದ 2010ರಲ್ಲಿ 18ನೇ ತಿದ್ದುಪಡಿಯಿಂದ ತೆಗೆದುಹಾಕಿದರು. ಸಿರಿಸೇನ ಕಾಲದ 19ನೇ ತಿದ್ದುಪಡಿ 2015ರಲ್ಲಿ ಆ ಮಿತಿಯನ್ನು ಮರಳಿ ತಂದು, ಆರು ವರ್ಷದ ಅವಧಿಯನ್ನು ಐದಕ್ಕೆ ಇಳಿಸಿ, ಮನಬಂದಾಗ ಸಂಸತ್ತನ್ನು ವಿಸರ್ಜಿಸದಂತೆ ಅಧ್ಯಕ್ಷರ ಕೈಕಟ್ಟಿತು. ಗೊಟಬಯ 2020ರಲ್ಲಿ 20ನೇ ತಿದ್ದುಪಡಿಯಿಂದ ಕಳೆದುಹೋದ ಅಧಿಕಾರಗಳಲ್ಲಿ ಬಹಳಷ್ಟನ್ನು ಹಿಂಪಡೆದರು. ಅವರು ಗದ್ದುಗೆ ಬಿಟ್ಟ ಮೇಲೆ, 2022ರಲ್ಲಿ, 21ನೇ ತಿದ್ದುಪಡಿ ಅವುಗಳಲ್ಲಿ ಕೆಲವನ್ನು ಮತ್ತೆ ಕಿತ್ತುಕೊಂಡಿತು. 2010, 2015, 2019ರ ಮೂರೂ ಚುನಾವಣೆಗಳ ಫಲಿತಾಂಶವನ್ನು ಒಂದೊಂದು ತಿದ್ದುಪಡಿ ಹಿಂಬಾಲಿಸಿದೆ.

ಅಧ್ಯಕ್ಷರದು ಒಂದು ಪಕ್ಷ, ಸಂಸತ್ತಿನ ಬಹುಮತ ಇನ್ನೊಂದು ಪಕ್ಷದ್ದಾದರೆ ಜಗಳ ತಪ್ಪಿದ್ದಲ್ಲ. 2001ರ ಡಿಸೆಂಬರ್‌ನಲ್ಲಿ ಅಧ್ಯಕ್ಷೆ ಚಂದ್ರಿಕಾ ಕುಮಾರತುಂಗ ಅವರ ಎದುರಾಳಿ ರನಿಲ್ ಪ್ರಧಾನಿಯಾದರು. ನಾರ್ವೆಯ ಮಧ್ಯಸ್ಥಿಕೆಯಲ್ಲಿ ಹುಲಿಗಳೊಂದಿಗೆ ಕದನ ವಿರಾಮ ಮಾಡಿಕೊಂಡರು. 2003ರ ನವೆಂಬರ್‌ನಲ್ಲಿ ರನಿಲ್ ವಾಷಿಂಗ್ಟನ್‌ನಲ್ಲಿ ಇದ್ದಾಗಲೇ ಚಂದ್ರಿಕಾ ರಕ್ಷಣೆ, ಒಳಾಡಳಿತ, ಮಾಧ್ಯಮ ಖಾತೆಗಳನ್ನು ತಮ್ಮ ವಶಕ್ಕೆ ತೆಗೆದುಕೊಂಡರು. ಕೆಲವೇ ತಿಂಗಳಲ್ಲಿ ಸಂಸತ್ತೂ ವಿಸರ್ಜನೆಯಾಯಿತು.

2018ರಲ್ಲಿ ಇದು ಇನ್ನೂ ವಿಕೋಪಕ್ಕೆ ಹೋಯಿತು. ಅಕ್ಟೋಬರ್ 26ರಂದು ಸಿರಿಸೇನ ತಮ್ಮ ಪ್ರಧಾನಿ ರನಿಲ್ ಅವರನ್ನು ವಜಾ ಮಾಡಿ, ತಾವೇ ಸೋಲಿಸಿದ್ದ ಮಹಿಂದ ರಾಜಪಕ್ಸ ಅವರನ್ನು ಆ ಜಾಗಕ್ಕೆ ತಂದರು. ರನಿಲ್ ಅಧಿಕೃತ ನಿವಾಸ ಬಿಟ್ಟು ಕದಲಲಿಲ್ಲ. ನವೆಂಬರ್ 16ರಂದು ಸಂಸತ್ತಿನಲ್ಲಿ ಮಹಿಂದ ಬೆಂಬಲಿಗರು ಸ್ಪೀಕರ್ ಪೀಠವನ್ನು ಸುತ್ತುವರಿದರು. ಸ್ಪೀಕರ್ ಕರು ಜಯಸೂರ್ಯ ಪೊಲೀಸರ ರಕ್ಷಣೆಯಲ್ಲಿ ಒಳಗೆ ಬಂದರು. ಪೊಲೀಸರ ಮತ್ತು ಎದುರು ಬಣದ ಸಂಸದರ ಕಣ್ಣಿಗೆ ಖಾರದಪುಡಿ ಎರಚಲಾಯಿತು, ಕುರ್ಚಿಗಳು ಹಾರಿದವು. ಆ ಗದ್ದಲದ ನಡುವೆಯೇ ಸ್ಪೀಕರ್ ಕೈಯಲ್ಲಿ ಮೈಕ್ ಹಿಡಿದು ಅವಿಶ್ವಾಸ ನಿರ್ಣಯವನ್ನು ಧ್ವನಿಮತಕ್ಕೆ ಹಾಕಿದರು. ಡಿಸೆಂಬರ್ 13ರಂದು ಸುಪ್ರೀಂ ಕೋರ್ಟ್, ಈ ನಡುವೆ ಸಿರಿಸೇನ ಹೊರಡಿಸಿದ್ದ ಸಂಸತ್ತಿನ ವಿಸರ್ಜನೆಯ ಆದೇಶ ಅಸಾಂವಿಧಾನಿಕ ಎಂದು ತೀರ್ಪಿತ್ತಿತು. ಮೂರು ದಿನಗಳ ನಂತರ ರನಿಲ್ ಮತ್ತೆ ಪ್ರಧಾನಿಯಾಗಿ ಪ್ರಮಾಣ ಸ್ವೀಕರಿಸಿದರು. ಅಧ್ಯಕ್ಷರ ಅಧಿಕಾರಕ್ಕೂ ಬೇಲಿ ಇದೆ ಎಂಬುದು ಈ ಐವತ್ತು ದಿನಗಳಲ್ಲಿ ಸ್ಥಾಪಿತವಾಯಿತು. ಆ ಬೇಲಿಯನ್ನು ಹಾಕಿದ್ದು ಸಿರಿಸೇನ ಅವರೇ ಭರವಸೆ ಕೊಟ್ಟು ತಂದಿದ್ದ 19ನೇ ತಿದ್ದುಪಡಿ.

ಭಾರತೀಯ ಸೇನೆ: ಬಂದದ್ದು, ಮರಳಿದ್ದು

ವಿದೇಶಾಂಗ ನೀತಿ ಎಷ್ಟರಮಟ್ಟಿಗೆ ಅಧ್ಯಕ್ಷರ ಸ್ವಂತ ತೀರ್ಮಾನವಾಗಬಲ್ಲದು ಎಂಬುದು 1987ರಲ್ಲಿ ಗೊತ್ತಾಯಿತು. 1983ರ ತಮಿಳು ವಿರೋಧಿ ಹಿಂಸಾಚಾರದ ನಂತರ ಭಾರತ ಮಧ್ಯಸ್ಥಿಕೆಗೆ ಇಳಿದಿತ್ತು. 1986ರ ನವೆಂಬರ್‌ನಲ್ಲಿ ಬೆಂಗಳೂರಿನಲ್ಲಿ ಸಾರ್ಕ್ ಶೃಂಗಸಭೆ ನಡೆದಾಗ ರಾಜೀವ್ ಗಾಂಧಿ ಮತ್ತು ಜಯವರ್ಧನೆ ಈ ವಿಷಯ ಚರ್ಚಿಸಿದರು. ತಮಿಳು ಹುಲಿಗಳ ನಾಯಕ ಪ್ರಭಾಕರನ್‌ನನ್ನೂ ಬೆಂಗಳೂರಿಗೆ ಕರೆಸಿ ಮಾತನಾಡಿಸಲಾಗಿತ್ತು. ಆ ಮಾತುಕತೆ ಫಲ ಕೊಡಲಿಲ್ಲ. 1987ರ ಜುಲೈ 29ರಂದು ಕೊಲಂಬೊದಲ್ಲಿ ಭಾರತ–ಶ್ರೀಲಂಕಾ ಒಪ್ಪಂದಕ್ಕೆ ಸಹಿ ಬಿತ್ತು. ಪ್ರಧಾನಿ ರಣಸಿಂಘೆ ಪ್ರೇಮದಾಸ ಅವರಿಗೇ ಅದು ಇಷ್ಟವಿರಲಿಲ್ಲ, ಬೀದಿಗಳಲ್ಲಿ ಗಲಭೆ ನಡೆಯುತ್ತಿತ್ತು. ಆದರೂ ಜಯವರ್ಧನೆ ಸಹಿ ಹಾಕಿದರು. ಮರುದಿನ ಗೌರವ ವಂದನೆ ಸ್ವೀಕರಿಸುತ್ತ ಸಾಗಿದ್ದ ರಾಜೀವ್ ಗಾಂಧಿ ಅವರಿಗೆ ಸಾಲಿನಲ್ಲಿದ್ದ ನೌಕಾಪಡೆಯ ಯುವಕನೊಬ್ಬ ಬಂದೂಕಿನ ಹಿಡಿಯಿಂದ ಹೊಡೆದ.

ಒಪ್ಪಂದದಂತೆ ಭಾರತದ ಶಾಂತಿಪಾಲನಾ ಪಡೆ ದ್ವೀಪಕ್ಕೆ ಬಂತು. ಪ್ರಾಂತೀಯ ಮಂಡಳಿಗಳನ್ನು ರಚಿಸುವ 13ನೇ ತಿದ್ದುಪಡಿ ಬಂತು. ಒಪ್ಪಂದದ ಜೊತೆಗೆ ಬದಲಾಯಿಸಿಕೊಂಡ ಪತ್ರಗಳಲ್ಲಿ ಇನ್ನೊಂದು ಮಾತಿತ್ತು: ತ್ರಿಂಕೋಮಲಿ ಸೇರಿದಂತೆ ಯಾವ ಬಂದರನ್ನೂ ಭಾರತದ ಹಿತಕ್ಕೆ ಧಕ್ಕೆಯಾಗುವಂತೆ ಬೇರೆ ದೇಶಗಳ ಸೇನೆಗೆ ಬಿಟ್ಟುಕೊಡುವುದಿಲ್ಲ.

ಮುಂದಿನ ಅಧ್ಯಕ್ಷೀಯ ಚುನಾವಣೆ ಈ ಒಪ್ಪಂದದ ಸುತ್ತಲೇ ನಡೆಯಿತು. 1988ರ ಡಿಸೆಂಬರ್‌ನಲ್ಲಿ ಪ್ರೇಮದಾಸ ಮತ್ತು ಸಿರಿಮಾವೊ ಇಬ್ಬರೂ ಭಾರತದ ಪಡೆಯನ್ನು ಕಳುಹಿಸುವ ಮಾತಾಡಿದರು. ಒಪ್ಪಂದವನ್ನು ವಿರೋಧಿಸಿ ಬಂದೂಕು ಹಿಡಿದಿದ್ದ ಜನತಾ ವಿಮುಕ್ತಿ ಪೆರಮುನ (ಜೆವಿಪಿ) ಚುನಾವಣೆಯನ್ನೇ ಬಹಿಷ್ಕರಿಸಲು ಹೇಳಿತ್ತು. ಭಯದ ನಡುವೆ ಶೇ 55ರಷ್ಟು ಮಾತ್ರ ಮತದಾನವಾಯಿತು. ಶೇ 50.43 ಮತದಿಂದ ಗೆದ್ದ ಪ್ರೇಮದಾಸ 1989ರ ಜೂನ್‌ನಲ್ಲಿ, ಒಪ್ಪಂದಕ್ಕೆ ಎರಡು ವರ್ಷ ತುಂಬುವ ಜುಲೈ 29ರೊಳಗೆ ಪಡೆ ಹೊರಡಬೇಕೆಂದು ಬಹಿರಂಗವಾಗಿಯೇ ಹೇಳಿದರು. ಕೊನೆಯ ತುಕಡಿ ಮರಳಿದ್ದು 1990ರ ಮಾರ್ಚ್‌ನಲ್ಲಿ, ದೆಹಲಿಯಲ್ಲೂ ಸರ್ಕಾರ ಬದಲಾದ ಮೇಲೆ. ಆ ಹೊತ್ತಿಗೆ ಸುಮಾರು 1,200 ಭಾರತೀಯ ಸೈನಿಕರು ಪ್ರಾಣ ಕಳೆದುಕೊಂಡಿದ್ದರು. ಪಡೆಯನ್ನು ಹೊರಡಿಸಿದ ಚುನಾವಣೆ ಒಪ್ಪಂದವನ್ನು ಮಾತ್ರ ಅಳಿಸಲಿಲ್ಲ. 13ನೇ ತಿದ್ದುಪಡಿ ಇಂದಿಗೂ ಸಂವಿಧಾನದಲ್ಲಿದೆ. ಭಾರತ ಅದರ ಪೂರ್ಣ ಜಾರಿಗೆ ಇಂದಿಗೂ ಒತ್ತಾಯಿಸುತ್ತಿದೆ.

ಹಂಬಂಟೋಟದ ಸಾಲ

ಮಹಿಂದ ರಾಜಪಕ್ಸ ಕಾಲದಲ್ಲಿ ಶ್ರೀಲಂಕಾ ಚೀನಾಕ್ಕೆ ಬಹಳ ಹತ್ತಿರವಾಯಿತು. ಯುದ್ಧದ ಕೊನೆಯ ಹಂತದ ಮಾನವ ಹಕ್ಕು ಉಲ್ಲಂಘನೆಯ ಆರೋಪಗಳಿಂದಾಗಿ ಪಾಶ್ಚಾತ್ಯ ದೇಶಗಳು ದೂರವಾಗುತ್ತಿದ್ದಾಗ, ಚೀನಾ ಅಂಥ ಪ್ರಶ್ನೆಗಳನ್ನು ಕೇಳದೆ ಸಾಲ ಕೊಡುತ್ತಿತ್ತು. ಅಧ್ಯಕ್ಷರ ತವರು ಜಿಲ್ಲೆ ಹಂಬಂಟೋಟದಲ್ಲಿ ಚೀನಾದ ಎಕ್ಸಿಮ್ ಬ್ಯಾಂಕ್ ಸಾಲದಿಂದ ಬಂದರು ಎದ್ದಿತು, ಪಕ್ಕದ ಮಟ್ಟಲದಲ್ಲಿ ವಿಮಾನ ನಿಲ್ದಾಣ ಎದ್ದಿತು. ತವರಿನ ಮತದಾರರಿಗೆ ಕೊಟ್ಟ ಮಾತು, ವಿದೇಶಿ ಸಾಲ, ಹಿಂದೂ ಮಹಾಸಾಗರದ ಆಯಕಟ್ಟು ಮೂರೂ ಒಂದೇ ಊರಿನಲ್ಲಿ ಸೇರಿಕೊಂಡವು. 2014ರಲ್ಲಿ ಚೀನಾದ ಜಲಾಂತರ್ಗಾಮಿ ಕೊಲಂಬೊ ಬಂದರಿಗೆ ಎರಡು ಬಾರಿ ಬಂದು ನಿಂತಾಗ ದೆಹಲಿ ಅಸಮಾಧಾನಗೊಂಡಿತು.

2015ರ ಜನವರಿಯಲ್ಲಿ, ಅವಧಿಗೆ ಸುಮಾರು ಎರಡು ವರ್ಷ ಮೊದಲೇ ತಾವು ಕರೆದ ಚುನಾವಣೆಯಲ್ಲಿ ಮಹಿಂದ ಸೋತರು. ಚೀನಾದ ಯೋಜನೆಗಳಲ್ಲಿನ ಭ್ರಷ್ಟಾಚಾರದ ಆರೋಪ ಎದುರಾಳಿಗಳ ಪ್ರಚಾರದಲ್ಲಿ ಮುಖ್ಯವಾಗಿತ್ತು. ಸಿರಿಸೇನ ಮೊದಲು ಭೇಟಿ ಕೊಟ್ಟದ್ದು ಭಾರತಕ್ಕೆ. ಮಾರ್ಚ್‌ನಲ್ಲಿ ನರೇಂದ್ರ ಮೋದಿ ಕೊಲಂಬೊಗೂ ಜಾಫ್ನಾಕ್ಕೂ ಹೋದರು. ಚೀನಾ ಹೂಡಿಕೆಯ ಕೊಲಂಬೊ ಪೋರ್ಟ್ ಸಿಟಿ ಕಾಮಗಾರಿಯನ್ನು ಹೊಸ ಸರ್ಕಾರ ಅದೇ ತಿಂಗಳು ನಿಲ್ಲಿಸಿತು. ಅಕ್ಟೋಬರ್‌ನಲ್ಲಿ ಜಿನೀವಾದ ಮಾನವ ಹಕ್ಕುಗಳ ಮಂಡಳಿಯಲ್ಲಿ ಶ್ರೀಲಂಕಾ ತನ್ನದೇ ಯುದ್ಧದ ವಿಚಾರಣೆಗೆ ಸಂಬಂಧಿಸಿದ ನಿರ್ಣಯಕ್ಕೆ ಸಹ ಪ್ರಾಯೋಜಕನಾಯಿತು. ಹಿಂದಿನ ಅಧ್ಯಕ್ಷರ ಕಾಲದಲ್ಲಿ ಇದನ್ನು ಊಹಿಸಲೂ ಸಾಧ್ಯವಿರಲಿಲ್ಲ.

ಆದರೆ ಸಾಲ ಅಧ್ಯಕ್ಷರ ಜೊತೆ ಬದಲಾಗಲಿಲ್ಲ. ಪೋರ್ಟ್ ಸಿಟಿ ಕೆಲಸ 2016ರಲ್ಲಿ ಮತ್ತೆ ಶುರುವಾಯಿತು. 2017ರಲ್ಲಿ ಸಿರಿಸೇನ ಸರ್ಕಾರವೇ ಹಂಬಂಟೋಟ ಬಂದರನ್ನು 1.12 ಶತಕೋಟಿ ಡಾಲರ್‌ಗೆ, 99 ವರ್ಷಗಳ ಗುತ್ತಿಗೆಗೆ, ಚೀನಾದ ಕಂಪನಿಗೆ ಒಪ್ಪಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ಮೋದಿ ಭೇಟಿಯ ಹೊತ್ತಿಗೆ ಚೀನಾದ ಜಲಾಂತರ್ಗಾಮಿಗೆ ಕೊಲಂಬೊದಲ್ಲಿ ತಂಗಲು ಅನುಮತಿ ನಿರಾಕರಿಸಿತು. ಭದ್ರತೆಯ ವಿಷಯದಲ್ಲಿ ಭಾರತಕ್ಕೆ ಮುಜುಗರವಾಗದಂತೆ, ಹಣದ ವಿಷಯದಲ್ಲಿ ಚೀನಾ ಕೈತಪ್ಪದಂತೆ ನೋಡಿಕೊಳ್ಳುವ ಈ ಜಾಣ್ಮೆ ಅಂದಿನಿಂದ ಕೊಲಂಬೊದ ರೂಢಿಯಾಗಿದೆ.

ಚುನಾವಣಾ ಭರವಸೆ ದಿವಾಳಿಯಾದಾಗ

ಒಳಗಿನ ಭರವಸೆ ಹೊರಗಿನ ನಂಟನ್ನು ಹೇಗೆ ತಿರುಗಿಸುತ್ತದೆ ಎಂಬುದಕ್ಕೆ 2019ರ ಚುನಾವಣೆಗಿಂತ ಸ್ಪಷ್ಟವಾದ ಉದಾಹರಣೆ ಸಿಗುವುದಿಲ್ಲ. ಗೊಟಬಯ ತೆರಿಗೆ ಇಳಿಸುವ ಮಾತು ಕೊಟ್ಟಿದ್ದರು. ಗೆದ್ದ ಕೂಡಲೇ ಮೌಲ್ಯವರ್ಧಿತ ತೆರಿಗೆಯನ್ನು ಶೇ 15ರಿಂದ 8ಕ್ಕೆ ಇಳಿಸಿದರು. ಬೊಕ್ಕಸದ ಆದಾಯ ಕುಸಿಯಿತು. ಕೋವಿಡ್ ಬಂದು ಪ್ರವಾಸೋದ್ಯಮ ನಿಂತಿತು. ಸಾಲದ ಅರ್ಹತೆಯ ಶ್ರೇಣಿ ಕೆಳಗಿಳಿದು ಅಂತರರಾಷ್ಟ್ರೀಯ ಮಾರುಕಟ್ಟೆಯಲ್ಲಿ ಹೊಸ ಸಾಲ ಹುಟ್ಟದಾಯಿತು. 2021ರ ಏಪ್ರಿಲ್‌ನಲ್ಲಿ ರಾಸಾಯನಿಕ ಗೊಬ್ಬರದ ಆಮದನ್ನು ದಿಢೀರನೆ ನಿಷೇಧಿಸಿದ್ದರಿಂದ ಭತ್ತ, ಚಹಾ ಬೆಳೆಗಳಿಗೆ ಪೆಟ್ಟು ಬಿತ್ತು.

ಇದೇ ಅವಧಿಯಲ್ಲಿ ಸರ್ಕಾರ ಹೊರದೇಶಗಳೊಂದಿಗಿನ ಹಲವು ಒಪ್ಪಂದಗಳನ್ನು ಕೈಬಿಟ್ಟಿತು. ಜಪಾನ್ ನೆರವಿನ ಲಘು ರೈಲು ಯೋಜನೆ ರದ್ದಾಯಿತು. ಜಿನೀವಾ ನಿರ್ಣಯದ ಸಹ ಪ್ರಾಯೋಜಕತ್ವವನ್ನು ಹಿಂತೆಗೆದುಕೊಂಡಿತು. ಕೊಲಂಬೊ ಬಂದರಿನ ಪೂರ್ವ ಕಂಟೇನರ್ ಟರ್ಮಿನಲ್ ಕುರಿತು ಭಾರತ ಮತ್ತು ಜಪಾನ್ ಜೊತೆ ಆಗಿದ್ದ ತ್ರಿಪಕ್ಷೀಯ ಒಪ್ಪಂದವನ್ನು ಬಂದರು ನೌಕರರ ಸಂಘಗಳ ವಿರೋಧಕ್ಕೆ ಮಣಿದು 2021ರ ಫೆಬ್ರವರಿಯಲ್ಲಿ ಕೈಬಿಟ್ಟಿತು.

2022ರ ಏಪ್ರಿಲ್ 12ರಂದು ಶ್ರೀಲಂಕಾ ವಿದೇಶಿ ಸಾಲದ ಕಂತು ಕಟ್ಟುವುದಿಲ್ಲವೆಂದು ಘೋಷಿಸಿತು. ಪೆಟ್ರೋಲ್ ಬಂಕುಗಳ ಮುಂದೆ ಜನ ದಿನಗಟ್ಟಲೆ ಕಾದರು. ಅಡುಗೆ ಅನಿಲ, ಔಷಧ ಸಿಗದಾಯಿತು. ಜುಲೈ 9ರಂದು ಪ್ರತಿಭಟನಕಾರರು ಅಧ್ಯಕ್ಷರ ನಿವಾಸಕ್ಕೆ ನುಗ್ಗಿದರು, ಅಲ್ಲಿನ ಈಜುಕೊಳಕ್ಕೂ ಇಳಿದರು. ಗೊಟಬಯ ಮಾಲ್ಡೀವ್ಸ್ ಮಾರ್ಗವಾಗಿ ಸಿಂಗಪುರಕ್ಕೆ ಓಡಿಹೋಗಿ ರಾಜೀನಾಮೆ ಕಳುಹಿಸಿದರು. ಆ ವರ್ಷ ಭಾರತ ಇಂಧನ, ಆಹಾರ, ಔಷಧಕ್ಕಾಗಿ ಸಾಲ ಮತ್ತಿತರ ರೂಪದಲ್ಲಿ ಸುಮಾರು 4 ಶತಕೋಟಿ ಡಾಲರ್ ನೆರವು ನೀಡಿತು.

ಮಧ್ಯದಲ್ಲಿ ತೆರವಾದ ಅಧ್ಯಕ್ಷ ಸ್ಥಾನವನ್ನು ಸಂಸತ್ತು ತುಂಬುತ್ತದೆ. ಜುಲೈ 20ರಂದು ತಮ್ಮ ಪಕ್ಷದ ಒಬ್ಬರೇ ಸಂಸದರಾಗಿದ್ದ ರನಿಲ್ 134 ಮತ ಪಡೆದು ಅಧ್ಯಕ್ಷರಾದರು. ಅಂದು ಸ್ಪರ್ಧಿಸಿದ್ದ ಅನುರ ಅವರಿಗೆ ಬಿದ್ದದ್ದು ಮೂರು ಮತ. ರನಿಲ್ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ (ಐಎಂಎಫ್) 2023ರ ಮಾರ್ಚ್‌ನಲ್ಲಿ ಸುಮಾರು 3 ಶತಕೋಟಿ ಡಾಲರ್ ಸಾಲದ ಕಾರ್ಯಕ್ರಮಕ್ಕೆ ಒಪ್ಪಿಗೆ ಪಡೆದರು. ಅದರ ಷರತ್ತಿನಂತೆ ಏರಿದ ತೆರಿಗೆ ಮತ್ತು ವಿದ್ಯುತ್ ದರ ಮಧ್ಯಮ ವರ್ಗವನ್ನು ಹಣ್ಣುಗಾಯಿ ಮಾಡಿದವು.

2024: ಹೊಸ ಮುಖ, ಹಳೆಯ ಲೆಕ್ಕ

2019ರಲ್ಲಿ ಅನುರ ಅವರಿಗೆ ಸಿಕ್ಕಿದ್ದು ಶೇ 3.16 ಮತ. ಐದೇ ವರ್ಷಗಳಲ್ಲಿ ಅವರು ಅಧ್ಯಕ್ಷರಾದದ್ದು ಹಳೆಯ ಪಕ್ಷಗಳ ಮೇಲಿನ ಸಿಟ್ಟಿನಿಂದ. ಅವರು 2014ರಿಂದ ಮುನ್ನಡೆಸುತ್ತಿರುವ, ಎನ್‌ಪಿಪಿಯ ಮುಖ್ಯ ಅಂಗವಾದ ಜೆವಿಪಿ, 1987ರ ಒಪ್ಪಂದವನ್ನು ವಿರೋಧಿಸಿ ದಂಗೆ ಎದ್ದ ಅದೇ ಪಕ್ಷ. ಭಾರತದ ವಿಸ್ತರಣಾವಾದ ಎಂಬುದು ಅದು ತನ್ನ ಕಾರ್ಯಕರ್ತರಿಗೆ ಹಿಂದೆ ಕಲಿಸುತ್ತಿದ್ದ ಪಾಠಗಳಲ್ಲಿ ಒಂದು. ಅಂಥ ಪಕ್ಷದ ನಾಯಕ ಗೆದ್ದಾಗ ಕೊಲಂಬೊ ಪೂರ್ತಿ ಬೀಜಿಂಗ್ ಕಡೆ ತಿರುಗಬಹುದೆಂಬ ಅನುಮಾನ ಭಾರತದಲ್ಲಿ ಹಲವರಿಗಿತ್ತು.

ದೆಹಲಿ ಕಾದು ಕೂರಲಿಲ್ಲ. ಚುನಾವಣೆಗೆ ಏಳು ತಿಂಗಳ ಮೊದಲೇ, 2024ರ ಫೆಬ್ರವರಿಯಲ್ಲಿ, ಅನುರ ಅವರನ್ನು ಅಧಿಕೃತವಾಗಿ ಆಹ್ವಾನಿಸಿ ಮಾತನಾಡಿತ್ತು. ಪ್ರಮಾಣವಚನವಾದ ಎರಡು ವಾರಗಳೊಳಗೆ ವಿದೇಶಾಂಗ ಸಚಿವ ಎಸ್. ಜೈಶಂಕರ್ ಕೊಲಂಬೊಗೆ ಹೋದರು. ಡಿಸೆಂಬರ್‌ನಲ್ಲಿ ಅನುರ ಅವರ ಮೊದಲ ವಿದೇಶ ಪ್ರವಾಸ ಭಾರತಕ್ಕೇ ನಡೆಯಿತು. ಶ್ರೀಲಂಕಾದ ನೆಲವನ್ನು ಭಾರತದ ವಿರುದ್ಧ ಬಳಸಲು ಬಿಡುವುದಿಲ್ಲ ಎಂಬ ಭರವಸೆಯನ್ನು ಅವರು ಅಲ್ಲಿ ಕೊಟ್ಟರು. ಮರುತಿಂಗಳು ಚೀನಾಕ್ಕೆ ಹೋಗಿ, ಹಂಬಂಟೋಟದಲ್ಲಿ ಸಿನೋಪೆಕ್ ಕಂಪನಿ 3.7 ಶತಕೋಟಿ ಡಾಲರ್‌ನ ತೈಲ ಶುದ್ಧೀಕರಣ ಘಟಕ ಕಟ್ಟುವ ಒಪ್ಪಂದದೊಂದಿಗೆ ಮರಳಿದರು. 2025ರ ಏಪ್ರಿಲ್‌ನಲ್ಲಿ ಮೋದಿ ಕೊಲಂಬೊಗೆ ಬಂದಾಗ ಎರಡೂ ದೇಶಗಳು ರಕ್ಷಣಾ ಸಹಕಾರದ ತಿಳಿವಳಿಕೆ ಪತ್ರಕ್ಕೆ ಸಹಿ ಹಾಕಿದವು. ಮೂರೂವರೆ ದಶಕದ ಹಿಂದೆ ಭಾರತೀಯ ಸೇನೆಯ ವಿರುದ್ಧ ದಂಗೆ ಎಬ್ಬಿಸಿದ್ದ ಪಕ್ಷವೇ ಆಗ ಸರ್ಕಾರದಲ್ಲಿತ್ತು. ಪ್ರಚಾರದಲ್ಲಿ ಟೀಕಿಸಿದ್ದ ಐಎಂಎಫ್ ಕಾರ್ಯಕ್ರಮವನ್ನೂ ಅದು ಮುಂದುವರಿಸಿತು.

ಹೊಸ ಸಂಸತ್ತಿನ ಸ್ವರೂಪ ಇನ್ನೊಂದು ಹೊಣೆ ಹೊರಿಸಿದೆ. 2024ರ ನವೆಂಬರ್‌ನಲ್ಲಿ ಎನ್‌ಪಿಪಿ ಜಾಫ್ನಾ ಜಿಲ್ಲೆಯಲ್ಲೂ ಮೊದಲ ಸ್ಥಾನ ಪಡೆಯಿತು. ದಕ್ಷಿಣದ ಪಕ್ಷವೊಂದಕ್ಕೆ ಅಂಥ ಗೆಲುವು ಅಲ್ಲಿ ಹೊಸದು. ಪಾಕ್ ಜಲಸಂಧಿಯಲ್ಲಿ ತಮಿಳುನಾಡಿನ ಟ್ರಾಲರ್‌ಗಳು ಬಂದು ಮೀನು ಬಾಚಿಕೊಂಡು ಹೋಗುತ್ತವೆ ಎಂಬ ಜಾಫ್ನಾ ಮೀನುಗಾರರ ದೂರು ಈಗ ಆಳುವ ಪಕ್ಷದ ಮತದಾರರ ದೂರೂ ಹೌದು. 2025ರ ಸೆಪ್ಟೆಂಬರ್‌ನಲ್ಲಿ ಅನುರ ಖುದ್ದು ಎರಡೂ ದೇಶಗಳ ಕಡಲಗಡಿಯ ಬಳಿಯ ಕಚ್ಚತೀವು ದ್ವೀಪಕ್ಕೆ ಹೋಗಿ ಬಂದರು. ಭಾರತದೊಂದಿಗೆ ರಕ್ಷಣಾ ಸಹಕಾರ ಒಂದು ಕಡೆ, ಕಡಲಗಡಿಯ ವಿಷಯದಲ್ಲಿ ಬಿಗಿ ನಿಲುವು ಇನ್ನೊಂದು ಕಡೆ: ಎರಡನ್ನೂ ಒಂದೇ ಚುನಾವಣಾ ಗೆಲುವು ರೂಪಿಸಿದೆ.

ರದ್ದಾಗದ ಹುದ್ದೆ

ಇಷ್ಟೆಲ್ಲ ಅಧಿಕಾರ ಒಬ್ಬರಲ್ಲಿ ಇರಬಾರದು ಎಂಬ ವಾದ ಹುದ್ದೆಯಷ್ಟೇ ಹಳೆಯದು. 1994ರಲ್ಲಿ ಚಂದ್ರಿಕಾ, 2005ರಲ್ಲಿ ಮಹಿಂದ, 2015ರಲ್ಲಿ ಸಿರಿಸೇನ ಈ ಅಧ್ಯಕ್ಷ ಪದ್ಧತಿಯನ್ನೇ ತೆಗೆದುಹಾಕುವುದಾಗಿ ಹೇಳಿ ಮತ ಕೇಳಿದರು. 2024ರಲ್ಲಿ ಎನ್‌ಪಿಪಿ ಕೂಡ ಹೊಸ ಸಂವಿಧಾನ ತಂದು ಇದನ್ನು ಕೊನೆಗಾಣಿಸುವ ಭರವಸೆ ಕೊಟ್ಟಿದೆ. ಹಿಂದಿನ ಮೂವರಲ್ಲಿ ಯಾರೂ ಮಾತು ಉಳಿಸಿಕೊಳ್ಳಲಿಲ್ಲ. ರದ್ದುಪಡಿಸಲು ಸಂಸತ್ತಿನಲ್ಲಿ ಮೂರನೇ ಎರಡು ಬಹುಮತ ಬೇಕು. ಪ್ರಮುಖ ಬದಲಾವಣೆಗಳಿಗೆ ಜನಮತಗಣನೆಯೂ ಬೇಕಾಗುತ್ತದೆ. ಆ ಬಹುಮತ ಸಾಮಾನ್ಯವಾಗಿ ಸಿಗುವುದು ಅಧ್ಯಕ್ಷೀಯ ಗೆಲುವಿನ ಬಲದಿಂದಲೇ. ಅಷ್ಟು ಬಲ ಕೈಗೆ ಬಂದ ಮೇಲೆ ಅದನ್ನು ಬಿಟ್ಟುಕೊಡಲು ಮನಸ್ಸು ಬಂದವರು ಈವರೆಗೆ ಸಿಕ್ಕಿಲ್ಲ. 159 ಸ್ಥಾನಗಳಿರುವ ಎನ್‌ಪಿಪಿಗೆ ಬಹುಮತದ ಕೊರತೆಯ ನೆಪ ಇಲ್ಲ.

ಹುದ್ದೆ ಉಳಿದರೂ ಅಳಿದರೂ ವಿದೇಶಾಂಗ ನೀತಿಯ ಮಿತಿಗಳು ಬಹಳ ಬದಲಾಗುವುದಿಲ್ಲ. ಉತ್ತರಕ್ಕೆ ಕೆಲವೇ ಮೈಲಿ ದೂರದಲ್ಲಿ ಭಾರತ ಇದೆ. ಬಂದರು, ಹೆದ್ದಾರಿಗಳ ಸಾಲದ ಪತ್ರ ಚೀನಾದ ಬಳಿ ಇದೆ. ಖರ್ಚಿನ ಲೆಕ್ಕ ಐಎಂಎಫ್ ನೋಡುತ್ತದೆ. ಸಿದ್ಧ ಉಡುಪು ಕೊಳ್ಳುವವರು ಅಮೆರಿಕ ಮತ್ತು ಯುರೋಪಿನಲ್ಲಿದ್ದಾರೆ. ಈ ನಾಲ್ವರಲ್ಲಿ ಯಾರನ್ನು ಮೊದಲು ಭೇಟಿಯಾಗಬೇಕು, ಯಾವ ಯೋಜನೆ ನಿಲ್ಲಿಸಬೇಕು, ಯಾವುದನ್ನು ಮುಂದುವರಿಸಬೇಕು, ಜಿನೀವಾದಲ್ಲಿ ಯಾವ ದನಿಯಲ್ಲಿ ಮಾತಾಡಬೇಕು ಎಂಬುದನ್ನು ಶ್ರೀಲಂಕಾದ ಮತದಾರರು ಐದು ವರ್ಷಕ್ಕೊಮ್ಮೆ ತೀರ್ಮಾನಿಸುತ್ತಾರೆ. ನಾಲ್ವರಲ್ಲಿ ಒಬ್ಬರನ್ನೂ ಬಿಡುವ ಸ್ವಾತಂತ್ರ್ಯ ಅವರು ಆರಿಸಿದ ಯಾವ ಅಧ್ಯಕ್ಷರಿಗೂ ಇಲ್ಲ.